ಓನರಮ್ಮನ ಕಿಟಕಿಗಳು

ಓನರಮ್ಮನ ಬಲಗೈ ಬೆರಳುಗಳ ತುದಿ ಸದಾ ಬೆಳ್ಳಗೆ ಮುದುಡಿಕೊಂಡಿರುತ್ತಿತ್ತು, ಬಹಳ ಹೊತ್ತು ನೀರಿನಲ್ಲಿದ್ದ ಕೈಯ ಹಾಗೆ. ಉಗುರಿನ ಸಂದಿಯಲ್ಲಿ ಪೇಪರಿನ ಕಪ್ಪು ಮಸಿ. ಕೆಲಸಕ್ಕೆ ನಿಂತರೆ ಚಿನ್ನದ ಬಳೆಗಳನ್ನು ಮೊಣಕೈವರೆಗೆ ಏರಿಸಿ, ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು.

ದೊಮ್ಮಲೂರಿನ ಹಳೇ ಊರೊಳಗೆ ಅವರ ಮನೆ. ಕೆಳಗೆ ಅವರು ಮತ್ತು ಅವರ ಮಗ, ಮೇಲೆ ಬಾಡಿಗೆಗೆ ನಾವು. ನನ್ನ ಗಂಡನಿಗೆ ವಿಮಾನಪುರದ ಕಡೆ ಕೆಲಸ ಸಿಕ್ಕಿ ಕಲಬುರಗಿಯಿಂದ ಬಂದ ಹೊಸತು. ಈಗ ಆಫೀಸುಗಳು ಎದ್ದಿರುವ ಕಡೆ ಓನರಮ್ಮನ ಮಾವನ ರಾಗಿ ಹೊಲವಿತ್ತಂತೆ. ಅನುಕೂಲಸ್ಥರು. ಪಾತ್ರೆ ತೊಳೆಯಲು, ನೆಲ ಒರೆಸಲು ಹೆಂಗಸೊಬ್ಬಳು ಬರುತ್ತಿದ್ದಳು. ಕಿಟಕಿಗಳನ್ನು ಮಾತ್ರ ಓನರಮ್ಮ ಅವಳ ಕೈಗೆ ಬಿಡುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಶುರು. ಮೊದಲು ಸಂದಿಗಳ ಧೂಳನ್ನು ಹಳೆಯ ಟೂತ್‌ಬ್ರಶ್‌ನಿಂದ ಕೆರೆದು ತೆಗೆಯುವುದು, ಆಮೇಲೆ ಒದ್ದೆ ಬಟ್ಟೆ, ಕೊನೆಗೆ ಮುದ್ದೆ ಮಾಡಿದ ಪೇಪರಿನಿಂದ ಗಾಜು ಉಜ್ಜುವುದು. ಬಚ್ಚಲಿನ ವೆಂಟಿಲೇಟರಿನ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ಬಕೆಟ್ಟಿನಲ್ಲಿ ಮುಳುಗಿಸಿ ತೊಳೆದು ಮತ್ತೆ ಕೂರಿಸುತ್ತಿದ್ದರು. ಕೀಲುಗಳಿಗೆ ಕೊಬ್ಬರಿ ಎಣ್ಣೆ ಬಿಟ್ಟು, ಕಿಟಕಿ ಬಾಗಿಲನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ನೋಡುತ್ತಿದ್ದರು. ಗಾಜು ಎಷ್ಟು ಹೊಳೆಯಿತು ಎಂದು ಅವರು ಹಿಂದೆ ಸರಿದು ನೋಡಿದ್ದನ್ನು ನಾನು ಕಂಡಿಲ್ಲ. ಕಿಟಕಿ ಸಲೀಸಾಗಿ ತೆರೆದರೆ ಮುಗಿಯಿತು.

ತಮ್ಮ ಮನೆಯದು ಮುಗಿಸಿ ನಮ್ಮ ಮನೆಗೂ ಬರುತ್ತಿದ್ದರು. ನನಗೆ ಕಿರಿಕಿರಿ. ನಾನು ಮನೆ ಸ್ವಚ್ಛ ಇಟ್ಟುಕೊಳ್ಳುವುದಿಲ್ಲವೆಂದು ಎತ್ತಿ ತೋರಿಸುತ್ತಿದ್ದಾರೇನೋ ಎಂದು. ಒಂದು ದಿನ ಅವರೇ ನನ್ನ ಮುಖ ನೋಡಿ ಹೇಳಿದರು: “ಬೇಜಾರು ಮಾಡ್ಕೋಬೇಡ ಕಣಮ್ಮ. ಕೊಳೆ ಕೂತ ಕಿಟಕಿನ ಯಾರೂ ಮುಟ್ಟಲ್ಲ. ಮುಟ್ಟದೇ ಇದ್ರೆ ಅದು ಹಂಗೇ ಬಿಗಿದ್ಕೊಂಡ್ಬಿಡುತ್ತೆ.”

ಇನ್ನೊಂದು ಅಭ್ಯಾಸ ನನಗೆ ಸ್ವಲ್ಪ ಭಯವನ್ನೇ ತಂದಿತ್ತು. ನಾನು ಸ್ನಾನಕ್ಕೆ ಹೋದರೆ ಕೆಳಗಿನ ಅಂಗಳದಲ್ಲಿ ಅವರ ಚಪ್ಪಲಿಯ ಸಪ್ಪಳ ನಿಂತುಹೋಗುತ್ತಿತ್ತು. ವೆಂಟಿಲೇಟರಿನಿಂದ ಇಣುಕಿದರೆ ಅವರು ಕತ್ತು ಮೇಲೆತ್ತಿ ನಿಂತಿರುತ್ತಿದ್ದರು. ನೀರು ಸುರಿದುಕೊಳ್ಳುವ ಸದ್ದು ಸ್ವಲ್ಪ ನಿಂತಿತೋ, “ಮಾತಾಡಮ್ಮ” ಎನ್ನುತ್ತಿದ್ದರು. ನಾನು “ಇದೀನಿ ಅಮ್ಮ” ಎಂದ ಮೇಲೆಯೇ ಚಪ್ಪಲಿ ಮುಂದೆ ಹೋಗುತ್ತಿತ್ತು. ಗಂಡನಿಗೆ ಹೇಳಿದೆ. ವಯಸ್ಸಾದವರು, ಏನೋ ಇರುತ್ತೆ ಬಿಡು ಎಂದರು.

ನಾನು ಬಸುರಿಯಾದಾಗ ರಕ್ತದೊತ್ತಡ ಏರಿ, ಡಾಕ್ಟರು ಪ್ರಯಾಣ ಬೇಡವೆಂದುಬಿಟ್ಟರು. ತವರಿಗೆ ಹೋಗಲಾಗಲಿಲ್ಲ, ಬಾಣಂತನಕ್ಕೆ ಅವ್ವನೇ ಇಲ್ಲಿಗೆ ಬಂದಳು. ಮಗಳು ಹುಟ್ಟಿದ್ದು ಚಳಿಗಾಲದಲ್ಲಿ. ಬೆಂಗಳೂರಿನ ಚಳಿ ಕಂಡು ಅವ್ವ ಹೆದರಿಬಿಟ್ಟಳು. ಕೋಣೆಯ ಕಿಟಕಿಗೆ ಚಿಲಕ ಹಾಕಿ, ಸಂದಿಗೆ ಬಟ್ಟೆ ತುರುಕಿ, ಮೇಲೆ ಚಾದರ ಇಳಿಬಿಟ್ಟಳು. “ಗಾಳಿ ತಾಗಿದ್ರ ಕೂಸಿಗಿ ಶೀತ ಆಗ್ತದ” ಎಂದಳು. ನಮ್ಮ ಕಡೆಯ ರೂಢಿಯಂತೆ ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ ಇಟ್ಟಳು. ಊರಿನ ಹಂಚಿನ ಮನೆಯಲ್ಲಿ ಗಾಳಿ ಎಲ್ಲಿಂದಲಾದರೂ ನುಸುಳುತ್ತದೆ. ಇದು ಸಿಮೆಂಟಿನ ಸಣ್ಣ ಕೋಣೆ.

ಅಂದು ಶನಿವಾರ. ನಾನು ಎಣ್ಣೆನೀರು ಮಾಡಿಕೊಂಡು ಮಗುವಿನೊಂದಿಗೆ ಮಲಗಿದ್ದೆ. ನಿದ್ದೆ ಹತ್ತಿದೆಯೆಂದು ಅವ್ವ ಹೊರಗಿನಿಂದ ಬೀಗ ಹಾಕಿ ಹಲಸೂರು ಮಾರ್ಕೆಟ್ಟಿಗೆ ಸಬ್ಬಸಿಗೆ ಸೊಪ್ಪು ತರಲು ಹೋದಳು. ನನಗೆ ತಲೆನೋವು, ಕಣ್ಣಿಗೆ ಮಂಪರು. ಏಳಬೇಕೆಂದುಕೊಂಡೆ, ಕಾಲು ನನ್ನ ಮಾತು ಕೇಳಲಿಲ್ಲ. ಮಗು ಅಳುತ್ತಿಲ್ಲ, ಪಾಪ ಮಲಗಿದೆ ಎಂದು ಅನ್ನಿಸಿದ್ದು ನೆನಪಿದೆ. ಆ ನೆಮ್ಮದಿಯನ್ನು ನೆನೆದರೆ ಇಂದಿಗೂ ಮೈ ತಣ್ಣಗಾಗುತ್ತದೆ.

ಆಮೇಲಿನದನ್ನು ಓನರಮ್ಮನ ಮಗ ಹೇಳಿದ್ದು. ಅವರು ಬಕೆಟ್ಟು ಹಿಡಿದು ಮೇಲೆ ಬಂದಿದ್ದಾರೆ. ಮೊಗಸಾಲೆಯ ಕಡೆಯಿಂದ ನಮ್ಮ ಕಿಟಕಿ ನೋಡಿದರೆ ಒಳಗೆ ಚಾದರ, ಸಂದಿಯಲ್ಲಿ ಬಟ್ಟೆ, ಇದ್ದಿಲಿನ ವಾಸನೆ. ಕರೆದರು, ಉತ್ತರವಿಲ್ಲ. ಬೀಗದ ಕೈ ತಾ ಎಂದು ಮಗನನ್ನು ಕೂಗಿದರು, ಅವನು ಬರುವವರೆಗೂ ಕಾಯಲಿಲ್ಲ. ಬಕೆಟ್ಟಿನಿಂದ ಗಾಜಿಗೆ ಹೊಡೆದರು. ಒಡೆದ ಗಾಜಿನೊಳಗೆ ಕೈ ತೂರಿಸಿ ಚಿಲಕ ಎಳೆದರು, ಚಾದರ ಕಿತ್ತು ಹಾಕಿದರು. ಕಿಟಕಿ ಒಂದೇ ಎಳೆತಕ್ಕೆ ಪೂರ್ತಿ ತೆರೆದುಕೊಂಡಿತಂತೆ.

ನನಗೆ ಕೇಳಿಸಿದ್ದು ಧ್ವನಿಯೊಂದೇ, ಬಹಳ ದೂರದಿಂದ. “ಪುಟ್ಟಿ, ಕಣ್ಬಿಡು. ಅಮ್ಮ ತೆಗೆದಿದೀನಿ ನೋಡು. ಪುಟ್ಟಿ, ಉಸಿರು ತಗೋ.”

ನನ್ನ ಹೆಸರು ಪುಟ್ಟಿ ಅಲ್ಲ. ನಮ್ಮ ಮನೆಯಲ್ಲಿ ಯಾರ ಹೆಸರೂ ಅಲ್ಲ.

ಆಸ್ಪತ್ರೆಯಲ್ಲಿ ನನಗೂ ಮಗುವಿಗೂ ಆಮ್ಲಜನಕ ಕೊಟ್ಟರು. ಇಬ್ಬರೂ ಉಳಿದೆವು. ಇನ್ನು ಸ್ವಲ್ಪ ತಡವಾಗಿದ್ದರೆ ಮಗು ಉಳಿಯುತ್ತಿರಲಿಲ್ಲವೆಂದು ಡಾಕ್ಟರು ನನ್ನ ಗಂಡನಿಗೆ ಹೇಳಿದರಂತೆ. ಓನರಮ್ಮನ ಮುಂಗೈಗೂ ಹೊಲಿಗೆ ಬಿದ್ದಿತ್ತು.

ಮನೆಗೆ ಮರಳಿದ ಮೇಲೆ ಅವ್ವ ಅವರ ಕಾಲು ಹಿಡಿಯಲು ಹೋದಳು. ಅವರು ಅವ್ವನನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡರು. ಬೈಯಲಿಲ್ಲ. ಗೋಡೆ ನೋಡುತ್ತಾ, ತಮ್ಮ ಮಗಳ ವಿಷಯ ಹೇಳಿದರು. ಕಾಲೇಜಿನಲ್ಲಿದ್ದಳು. ಆಗ ಅವರೆಲ್ಲ ಇದೇ ಮೇಲಿನ ಮನೆಯಲ್ಲಿ ಇದ್ದರು. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇತ್ತು. ವೆಂಟಿಲೇಟರಿನ ಪಟ್ಟಿಗಳು ಧೂಳು ಕೂತು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿದ್ದವು.

“ಚಳಿ ಬರುತ್ತಮ್ಮ ಅಂದ್ಲು. ಕ್ಯಾಲೆಂಡರ್ ರಟ್ಟು ಇಟ್ಟು ನಾನೇ ಮುಚ್ದೆ. ನೀರಿನ ಸದ್ದು ನಿಂತಿದ್ದು ಕೇಳಿಸ್ತು. ತಲೆ ಒರೆಸ್ಕೊತಿದಾಳೆ ಅಂದ್ಕೊಂಡೆ.”

ಅವ್ವ ಅವರ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಳು.

ನನ್ನ ಮಗಳಿಗೆ ನಾಲ್ಕು ತುಂಬಿದ ಮೇಲೆ ನಾವು ಕೆ.ಆರ್. ಪುರಕ್ಕೆ ಬಂದೆವು. ಇಲ್ಲಿಯ ಕಿಟಕಿಗಳನ್ನು ನಾನೇ ಒರೆಸುತ್ತೇನೆ. ಮಗಳು ಸ್ನಾನಕ್ಕೆ ಹೋದರೆ ನನ್ನ ಕಾಲು ತಾನೇ ಬಾಗಿಲ ಬಳಿ ನಿಲ್ಲುತ್ತದೆ. ಒಲೆಯ ಮೇಲೆ ಏನೇ ಇದ್ದರೂ ಆಗ ಅದು ಮುಖ್ಯವಲ್ಲ. ಅವಳು ರೇಗುತ್ತಾಳೆ. ಒಮ್ಮೆ ಅವಳು ಕೇಳಿದಳು, ಪುಟ್ಟಿ ಅಂದ್ರೆ ಯಾರಮ್ಮ, ನೀನು ಹೊರಗಡೆ ನಿಂತ್ಕೊಂಡು ಕರೀತೀಯಲ್ಲ. ನಾನು ಹಾಗೆ ಕರೆಯುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ.

ಓನರಮ್ಮ ಹೋದ ವರ್ಷ ತೀರಿಕೊಂಡರು. ಹೃದಯದ ತೊಂದರೆ, ನರಳಲಿಲ್ಲ ಎಂದರು. ನಾನು ಹೋದಾಗ ಅವರನ್ನು ನಡುಮನೆಯಲ್ಲಿ ಫ್ರೀಜರ್ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ಬೇರೆ ಊರಿನಿಂದ ಬರುವವರಿದ್ದರು, ಅದಕ್ಕೆ. ಮೇಲೆ ಬಿಗಿಯಾದ ಗಾಜಿನ ಮುಚ್ಚಳ, ಅದರ ಮೇಲೆ ಹಾರಗಳು. ಜನ ಬರುತ್ತಿದ್ದರು, ಕೈ ಮುಗಿಯುತ್ತಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಅಲ್ಲಿಂದ ಹೋಗಲೂ ಆಗಲಿಲ್ಲ. ಕೊನೆಗೆ ಅವರ ಮಗನ ಹತ್ತಿರ ಹೋಗಿ, ಮುಚ್ಚಳ ಒಂದಿಷ್ಟು ತೆಗೆಯೋಕಾಗುತ್ತಾ ಎಂದು ಕೇಳಿದೆ. ಪಕ್ಕದಲ್ಲಿದ್ದ ಹೆಂಗಸರು ನನ್ನನ್ನು ವಿಚಿತ್ರವಾಗಿ ನೋಡಿದರು.

ಅವನು ಇನ್ನೊಬ್ಬರನ್ನು ಕರೆದು, ಹಾರಗಳನ್ನು ಸರಿಸಿ, ಮುಚ್ಚಳ ಎತ್ತಿ ಗೋಡೆಗೆ ಒರಗಿಸಿದ.

“ಯಾರೂ ಮುಚ್ಬೇಡಿ” ಎಂದ. “ಸ್ವಲ್ಪ ಹೊತ್ತು ಹಂಗೇ ಇರ್ಲಿ.”