ಪುಸ್ತಕದಲ್ಲಿ ಗೌರವ್ವ ಇರಲಿಲ್ಲ

ಬ್ಯಾಡಗಿ ಮೇಲೆ ಹಾಯ್ದು ರಾಣೆಬೆನ್ನೂರಿಗೆ ಹೋಗುವ ಬಸ್ಸು ಹಾವೇರಿಯಿಂದ ಹನ್ನೊಂದಕ್ಕೆ ಹೊರಟಿತು. ಫೆಬ್ರವರಿಯ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನನ್ನ ತೊಡೆಯ ಮೇಲೆ ಶಿವಲಿಂಗಪ್ಪನವರ ಕೇದಾರ ಯಾತ್ರೆಯ ಪುಸ್ತಕವಿತ್ತು. ನಾನು ಕಲಿಸುವ ಶಾಲೆಗೆ ವರ್ಷಗಟ್ಟಲೆ ಟಪಾಲು ತಂದು, ಈಗ ನಿವೃತ್ತರಾಗಿ ಬ್ಯಾಡಗಿಯಲ್ಲಿದ್ದವರು ಅವರು. ನಾಲ್ಕು ಗಂಟೆಗೆ ರಾಣೆಬೆನ್ನೂರಿನಲ್ಲಿ ಪುಸ್ತಕ ಬಿಡುಗಡೆ. ನಾನು ಅದರ ಬಗ್ಗೆ ಮಾತಾಡಬೇಕಿತ್ತು.

ದಾರಿಯುದ್ದಕ್ಕೂ ಮತ್ತೊಮ್ಮೆ ಓದಿದೆ. ಬೆಟ್ಟದ ಎತ್ತರ, ಧರ್ಮಶಾಲೆಯ ಬಾಡಿಗೆ, ಗೌರಿಕುಂಡದಿಂದ ನಡೆಯಬೇಕಾದ ಹದಿನಾರು ಕಿಲೋಮೀಟರು, ಎಲ್ಲ ಇತ್ತು. ‘ಹಿಮ ಕಂಡು ಧನ್ಯನಾದೆ’ ಎಂಬುದು ಐದು ಕಡೆ ಇತ್ತು. ಊರೂರ ಸುದ್ದಿಯನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದ ಮನುಷ್ಯ ಇವರೇನಾ ಎಂದು ಬೇಸರವಾಯಿತು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟಿಗೆ ಸೀನುತ್ತ ಇಳಿದು ಅವರ ಮನೆಗೆ ಹೋದೆ. ಅವರು ಮುಂಚೆಯೇ ರಾಣೆಬೆನ್ನೂರಿಗೆ ಹೋಗಿದ್ದರು. ಹೆಂಡತಿ ಗೌರವ್ವ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಅವರಿಗೆ ಓದು ಬರದು.

"ಅಕ್ಕಾರ, ಪುಸ್ತಕದಾಗ ನನ್ನ ಬಗ್ಗೆ ಏನ್ ಬರದಾರ್ರಿ?"

ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ. "ನೀವೂ ಹೋಗಿದ್ರೇನ್ರಿ?"

ಪುಸ್ತಕದಲ್ಲಿ ತಾವಿಲ್ಲವೆಂದು ಅವರಿಗೆ ಅರ್ಥವಾಯಿತು. ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. "ಅರ್ಧಾ ದಾರ್‍ಯಾಗ ಅವರಿಗೆ ದಮ್ಮ ಹತ್ತಿ ಉಸರ ನಿಂತಂಗಾತು. ಎರಡ ದಿನ ಎದಿ ತಿಕ್ಕೋತ ಕುಂತೆ. ಕಡೀಕ ಡೋಲ್ಯಾಗ ಕುಂದ್ರಿಸಿ ಗುಡಿತನಾ ಕರ್ಕೊಂಡು ಹೋದೆ."

"ಸಭೆಯೊಳಗ ಹೇಳ್ಲೇನ್ರಿ?"

"ನಾನೂ ಹೋಗಿದ್ದೆ ಅನ್ನೂದಷ್ಟ ಹೇಳ್ರಿ. ಅವರಿಗೆ ಮಂದಿ ನಗಬಾರದು."

ರಾಣೆಬೆನ್ನೂರಿನ ಸಭೆಯಲ್ಲಿ ಮೂವತ್ತು ಜನರಿದ್ದರು. ನನ್ನ ಸರದಿ ಬಂದಾಗ ಪುಸ್ತಕ ಹಿಡಿದು ಎದ್ದೆ. "ಪುಸ್ತಕ ನನಗೆ ಹಿಡಿಸಲಿಲ್ಲ. ಈ ದಾರಿಯಲ್ಲಿ ಇಬ್ಬರು ನಡೆದಿದ್ದರು, ಪುಸ್ತಕದಲ್ಲಿ ಒಬ್ಬರೇ ಇದ್ದಾರೆ" ಎಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಶಿವಲಿಂಗಪ್ಪನವರು ಮೇಜನ್ನೇ ನೋಡುತ್ತ ಕುಳಿತರು.

ಮರಳುವಾಗ ನಾನು ಹತ್ತಿದ ಬಸ್ಸಿಗೇ ಅವರೂ ಹತ್ತಿ ನನ್ನ ಹಿಂದಿನ ಸೀಟಿನಲ್ಲಿ ಕುಳಿತರು. ಇಷ್ಟು ವರ್ಷದ ವಿಶ್ವಾಸ ಕಳೆದುಕೊಂಡೆ ಎಂದೇ ಅಂದುಕೊಂಡೆ.

"ಅಕ್ಕಾರ," ಎಂದರು ಅರ್ಧ ತಾಸಿನ ಮೇಲೆ ಮುಂದಕ್ಕೆ ಬಾಗಿ, "ಅಕಿನ್ನ ಬರದ್ರ ನಾ ಸಾಯಾಕ ಅಂಜಿ ಅತ್ತದ್ದನ್ನೂ ಬರೀಬೇಕಾಗ್ತಿತ್ರಿ. ಕೈ ಏಳಲಿಲ್ಲ."

"ಅದನ್ನ ಓದಿದ್ರ ನಾನೂ ನಿಮ್ಮ ಜೋಡಿ ಗುಡ್ಡ ಹತ್ತತಿದ್ದೆ, ಸರ್."

ಅವರು ಬ್ಯಾಡಗಿ ಬಂದಾಗ ಎದ್ದು, "ಅಕಿಗೆ ಇನ್ನೂ ಓದಿ ಹೇಳಿಲ್ರಿ. ಇವತ್ತ ಹೇಳ್ತೀನಿ. ಬಿಟ್ಟದ್ದನ್ನ ಅಕೀನ ಹೇಳ್ಲಿ" ಎಂದರು.

ಬಸ್ಸು ತಿರುಗುವಾಗ ಕಿಟಕಿಯಿಂದ ನೋಡಿದೆ. ಸಭೆಯಲ್ಲಿ ಹೊದಿಸಿದ ಶಾಲನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಅವರು ಲಗುಬಗೆಯಿಂದ ಮನೆ ಕಡೆ ನಡೆಯುತ್ತಿದ್ದರು.