ಉಗುರಿಗೆ ತಾಗಿಸಿದ ಮೊನೆ

ಅರಿಶಿನಕುಂಟೆಯ ಹತ್ತಿರದ ಶೆಡ್ಡೊಂದರಲ್ಲಿ ಆಪರೇಷನ್ ಸಾಮಾನುಗಳ ಮೊನೆ ಪರೀಕ್ಷಿಸುವುದು ನನ್ನ ಕೆಲಸ. ಅವುಗಳಲ್ಲೊಂದು ತುದಿ ಬಾಗಿದ ಉಕ್ಕಿನ ಕಡ್ಡಿ. ಅದನ್ನು ನಾವು ಕೊಕ್ಕು ಎನ್ನುತ್ತೇವೆ. ಪಾದದ ಕೀಲಿನಲ್ಲಿ ಮೂಳೆಗೆ ಹೊದಿಕೆಯಾಗಿರುವ ನುಣುಪಾದ ಮೃದ್ವಸ್ಥಿ ಕಿತ್ತುಹೋದರೆ, ಆ ಜಾಗ ಕೆರೆದು, ಮೂಳೆಗೆ ಕೊಕ್ಕಿನಿಂದ ಸಣ್ಣ ಸಣ್ಣ ತೂತು ಹಾಕುತ್ತಾರೆ. ಒಸರಿದ ರಕ್ತವೇ ಹೆಪ್ಪುಗಟ್ಟಿ ಹೊಸ ಪದರವಾಗುತ್ತದಂತೆ. ಭೂತಗನ್ನಡಿಯಲ್ಲಿ ನೋಡಿದರೂ ನನಗೆ ಸಮಾಧಾನವಿಲ್ಲ; ಹೆಬ್ಬೆರಳ ಉಗುರಿಗೆ ಮೊನೆ ತಾಗಿಸುತ್ತೇನೆ. ಜಾರಿದರೆ ಮೊಂಡು, ಕಚ್ಚಿದರೆ ಸರಿ. ನನ್ನ ಕೈ ದಾಟಿ ಮೊಂಡು ಮಾಲು ಹೋಗಿಲ್ಲ. ಆ ಜಂಬ ನನಗುಂಟು.

ಕಳೆದ ವರ್ಷ ಬಸ್ಸಿಳಿಯುವಾಗ ಕಾಲು ಹೊರಳಿತು. ಬರೀ ಉಳುಕು ಎಂದು ಎಣ್ಣೆ ನೀವಿಕೊಂಡು ಐದು ತಿಂಗಳು ಕುಂಟಿದೆ. ಸ್ಕ್ಯಾನಿಂಗ್ ನೋಡಿದ ಡಾಕ್ಟರು ಹೇಳಿದ್ದು ನಮ್ಮ ಕೊಕ್ಕಿನ ಕೆಲಸವನ್ನೇ.

"ಆರು ವಾರ ಕಾಲು ಊರೋ ಹಾಗಿಲ್ಲ. ನೋಡ್ಕೊಳ್ಳೋರು ಇದ್ರೆ ಮಾತ್ರ ಮಾಡೋದು. ಯಾರಿದಾರೆ?"

"ತಂಗಿ ಅವ್ಳೆ ಸಾರ್," ಎಂದೆ.

ತಂಗಿ ಇರುವುದು ನಿಜ, ಸಮೇತನಹಳ್ಳಿಯಲ್ಲಿ. ಅಮ್ಮನ ತಿಥಿಯ ದಿನ ಮಾತಿಗೆ ಮಾತು ಬೆಳೆದು, ನಾನು ಎಲೆಯ ಮುಂದಿನಿಂದ ಎದ್ದು ಬಂದವಳು. ಎಂಟು ವರ್ಷವಾಯಿತು. ಅವಳೇ ಮೊದಲು ಫೋನ್ ಮಾಡಲಿ ಎಂದು ನಾನು. ಅಕ್ಕನೇ ಮಾಡಲಿ ಎಂದು ಅವಳು ಇದ್ದಿರಬೇಕು. ಇಬ್ಬರದೂ ಅಪ್ಪನ ಕೋಪ. ಆಸ್ಪತ್ರೆಯ ಫಾರಂನಲ್ಲಿ ಅವಳ ಹೆಸರು ಬರೆದು, ಬಾಯಿಪಾಠವಾಗಿದ್ದ ನಂಬರನ್ನೂ ಬರೆದೆ. ಆಪರೇಷನ್ ದಿನ ಆಟೋದಲ್ಲಿ ಒಬ್ಬಳೇ ಹೋಗಿ, ತಂಗಿ ಹಿಂದೆಯೇ ಬರುತ್ತಿದ್ದಾಳೆ ಎಂದೆ.

ಬೆನ್ನಿಗೆ ಸೂಜಿ ಚುಚ್ಚಿ ಸೊಂಟದಿಂದ ಕೆಳಗೆ ಮರಗಟ್ಟಿಸಿದರು. ಎಚ್ಚರವಿತ್ತು. ಭಯಕ್ಕೆ ಬಾಯಿ ನಿಲ್ಲದೆ ಶೆಡ್ಡಿನ ಕಥೆಯೆಲ್ಲ ಒದರಿದೆ. ಡಾಕ್ಟರಿಗೆ ತಮಾಷೆ ಎನಿಸಿ, ನಡುವೆ ಕಟ್ಟಿದ್ದ ಹಸಿರು ಬಟ್ಟೆಯ ಮೇಲಿಂದ ಕೊಕ್ಕು ತೋರಿಸಿದರು. "ನೋಡಿ, ನಿಮ್ದೇನಾ?"

ಕೈ ನನ್ನ ಮಾತು ಕೇಳಲಿಲ್ಲ. ತಾನಾಗಿ ಮೇಲೆದ್ದು ಮೊನೆಗೆ ಉಗುರು ತಾಗಿಸಿಯೇಬಿಟ್ಟಿತು.

"ಅಯ್ಯೋ, ಮುಟ್ಬಿಟ್ರಲ್ಲ ಅಕ್ಕ!" ನರ್ಸ್ ಕೂಗಿದಳು.

ಶುದ್ಧಮಾಡಿ ತಂದಿದ್ದ ಸಾಮಾನು ಮೈಲಿಗೆಯಾಯಿತು. ಅಲ್ಲಿದ್ದದ್ದು ಅದೊಂದೇ. ಮತ್ತೆ ಹಬೆಯಲ್ಲಿಟ್ಟು ತರಲು ಅರ್ಧ ಗಂಟೆಯಾದರೂ ಬೇಕು. ಡಾಕ್ಟರು ಗದರಲಿಲ್ಲ. ಗ್ಲೌಸ್ ಬಿಚ್ಚುತ್ತ, "ಆಚೆ ಇವ್ರ ತಂಗಿ ಕಾಯ್ತಿರ್ತಾರೆ, ಲೇಟಾಗುತ್ತೆ ಅಂತ ಹೇಳ್ಬಿಟ್ ಬನ್ನಿ" ಎಂದು ನರ್ಸನ್ನು ಕಳಿಸಿದರು.

ತಡೆಯಬೇಕಿತ್ತು, ತಡೆಯಲಿಲ್ಲ. ಹೊರಗೆ ತಂಗಿಯ ಹೆಸರು ಕೂಗುವುದು ಕೇಳಿಸಿತು, ಎರಡು ಸಲ. ಎಂಟು ವರ್ಷದಿಂದ ಆ ಹೆಸರು ನನ್ನ ಕಿವಿಗೆ ಬಿದ್ದಿರಲಿಲ್ಲ. ಅವಳು ಬಂದಿಲ್ಲವೆಂದು ನನಗಲ್ಲದೆ ಇನ್ಯಾರಿಗೆ ಗೊತ್ತು? ಆದರೂ, ಯಾರಾದರೂ ಓಗೊಡಲಿ ಎಂದು ಕಾದೆ.

ನರ್ಸ್ ಬರಲು ತುಂಬ ಹೊತ್ತಾಯಿತು. "ಆಚೆ ಯಾರೂ ಇಲ್ಲ ಅಕ್ಕ. ನೀವ್ ಬರ್ದಿದ್ ನಂಬರ್‌ಗೂ ಮಾಡ್ದೆ. ಬೇರೆ ಯಾರೋ ಎತ್ತಿದ್ರು. ಮೂರ್ ವರ್ಷದಿಂದ ಅದು ಅವ್ರ ನಂಬರಂತೆ."

ಡಾಕ್ಟರು ನನ್ನ ತಲೆಯ ಹತ್ತಿರ ಬಂದು ನಿಂತರು. "ನಿಜ ಹೇಳಿಮ್ಮ. ಮನೇಲಿ ಯಾರಿರ್ತಾರೆ?"

"ಯಾರೂ ಇಲ್ಲ ಸಾರ್."

ಬಾಯಿಬಿಟ್ಟು ಹಾಗೆ ಹೇಳಿದ್ದು ಅದೇ ಮೊದಲು. ಅವರು ಹೊಸ ಗ್ಲೌಸ್ ಹಾಕಿಕೊಳ್ಳುತ್ತ, "ಸೂಜಿ ಕೊಟ್ಟಾಗಿದೆ, ಮಾಡಿ ಮುಗಿಸೋಣ. ಆಮೇಲಿಂದು ಆಮೇಲೆ" ಎಂದರು.

ಕೊಕ್ಕು ಬಂತು. ಮೂಳೆಯ ಮೇಲೆ ಟಕ್ ಟಕ್ ಸದ್ದು ಕೇಳುತ್ತಿತ್ತು. ನನ್ನ ಕಣ್ಣೀರು ನೋಡಿ ನರ್ಸ್ ಬಗ್ಗಿದಳು. "ನೋವಾಗ್ತಿದ್ಯಾ ಅಕ್ಕ?"

ಇಲ್ಲವೆಂದು ತಲೆಯಾಡಿಸಿದೆ. ನಂಬರು ಬೇರೆಯವರದಾಗಿ ಮೂರು ವರ್ಷ. ಅದಕ್ಕೂ ಮೊದಲಿನ ಐದು ವರ್ಷ, ನಾನು ಮಾಡಿದ್ದರೆ ಅವಳೇ ಎತ್ತುತ್ತಿದ್ದಳು.