ಎಡಕ್ಕೆ ತಿರುಗಿದರೆ ಕೂಗುವ ಹಾರ್ನ್

ತೂಬಗೆರೆಗೆ ಬಸ್ಸು ಓಡಿಸುತ್ತಿದ್ದ ಸರ್ದಾರ್ ಪಾಷಾ, ೧೯೪೮ರಲ್ಲಿ ರಬ್ಬರ್ ಬುರುಡೆಯ ಹಾರ್ನ್ ಕಿತ್ತು, ಬ್ಯಾಟರಿ ಹಾರ್ನ್ ತಾನೇ ಕೂರಿಸಿದ. ಕೆಲವೇ ದಿನಗಳಲ್ಲಿ ಅದು ಗುಂಡಿ ಒತ್ತದೆಯೇ ಕೂಗತೊಡಗಿತು. ಎತ್ತುಗಳು ಬೆದರಿದವು, ಗಾಡಿಯವರು ಬಾಯಿಗೆ ಬಂದಂತೆ ಬೈದರು. ಪಾಷಾ ಗುಂಡಿ ಬದಲಿಸಿದ, ಹಾರ್ನನ್ನೇ ಬಿಚ್ಚಿ ಕೂಡಿಸಿದ. ಪ್ರಯೋಜನವಾಗಲಿಲ್ಲ.

ಒಂದು ಬೆಳಿಗ್ಗೆ ಅದು ಹೆಣ ಹೊತ್ತು ಹೊರಟವರ ಬೆನ್ನಿಗೇ ಅರಚಿತು. ನಾಚಿಕೆಯಿಂದ ಕುಗ್ಗಿದ ಪಾಷಾ ಬಸ್ಸು ನಿಲ್ಲಿಸಿ, "ಇದನ್ನ ಕಿತ್ತು ಕೆರೆಗೆ ಎಸೀತೀನಿ!" ಎಂದ.

ಮುಂದಿನ ಸೀಟಿನಲ್ಲಿದ್ದ, ದಿನಾ ಸೊಪ್ಪು ಮಾರಲು ಹೋಗುವ ಆದಿಲಕ್ಷ್ಮಮ್ಮ, "ಎಡಕ್ಕೆ ತಿರುಗ್ಸಿದಾಗ ಮಾತ್ರ ಕೂಗ್ತದೆ ಕಣಣ್ಣಾ" ಎಂದಳು.

"ಮೊದ್ಲೇ ಹೇಳ್ಬಾರ್ದಿತ್ತಾ ಅಮ್ಮಾ?"

"ನಿನ್ನ ಸಿಟ್ಟು ನೋಡಿ ಯಾರು ಬಾಯಿ ಬಿಡ್ತಾರೆ?"

ಪಾಷಾ ಸ್ಟೀರಿಂಗ್ ಕೆಳಗೆ ತೂರಿದ. ಸ್ಟೀರಿಂಗಿನ ಕಬ್ಬಿಣದ ಕಂಬಕ್ಕೆ ಉಜ್ಜಿ ಉಜ್ಜಿ ಹಾರ್ನಿನ ತಂತಿ ಬತ್ತಲಾಗಿತ್ತು; ಎಡಕ್ಕೆ ತಿರುಗಿಸಿದಾಗಲೆಲ್ಲ ಕಂಬಕ್ಕೆ ತಗುಲಿ ಹಾರ್ನ್ ಕೂಗಿಸುತ್ತಿತ್ತು. ಗೊಣಗುತ್ತಲೇ ಅದಕ್ಕೆ ಬಟ್ಟೆ ಸುತ್ತಿ, ದೂರಕ್ಕೆ ಎಳೆದು ಕಟ್ಟಿದ. ಮುಂದಿನ ತಿರುವಿನಲ್ಲಿ ಬಸ್ಸು ಸದ್ದಿಲ್ಲದೆ ಎಡಕ್ಕೆ ಹೊರಳಿತು.